ಬಾವಾ ಅಂದರೆ

"ಬೆಟ್ಟದ ಮೇಲೆ ಏನೈತೆ ಮೇಡಂ? ಭಾನುವಾರ ನೋಡಿ, ಮೋಡಕ್ಕಿಂತ ಜಾಸ್ತಿ ಕಾರೇ ಇರ್ತವೆ," ಎನ್ನುತ್ತ ಕಾಮ್ರಾನ್ ಚಿಕ್ಕಬಳ್ಳಾಪುರದ ಸರ್ಕಲ್ಲಿನಲ್ಲಿ ನಂದಿ ಬೆಟ್ಟದ ದಾರಿ ಬಿಟ್ಟು ಶಿಡ್ಲಘಟ್ಟದ ಕಡೆಗೆ ಕಾರು ತಿರುಗಿಸಿಯೇ ಬಿಟ್ಟ. "ಮೇಲೂರಿಗೆ ಹೋಗಣ. ಅಲ್ಲಿಗೆ ಯಾವ ಟೂರಿಸ್ಟೂ ಬರಲ್ಲ. ರೇಷ್ಮೆ ಹೆಂಗೆ ಬರ್ತದೆ ಅಂತ ಕಣ್ಣಾರೆ ನೋಡ್ಬೋದು. ಮನೇಲಿ ಮಾಡಿದ ಟೀ ಕುಡೀಬೋದು."

ಹಿಂದಿನ ಸೀಟಿನಲ್ಲಿದ್ದ ಹರಿಣಿಗೆ ಬೇಕಾಗಿದ್ದದ್ದೂ ಅದೇ. ಮೈಸೂರು, ಊಟಿ, ಹಂಪಿ ಎಲ್ಲ ಸುತ್ತಿ ಸಾಕಾಗಿ, ಈಗ ಯಾರೂ ನೋಡದ ಊರುಗಳನ್ನು ಹುಡುಕಿ ಹೋಗಿ ಫೋಟೋ ಹಾಕುವ ಹುಚ್ಚು ಅವಳಿಗೆ ಹಿಡಿದಿತ್ತು. ಪಕ್ಕದಲ್ಲಿ ಅರೆನಿದ್ದೆಯಲ್ಲಿದ್ದ ಗಂಡ ಅಂಬರೀಶನದು ಬೇರೆಯೇ ಚಿಂತೆ. "ಅಲ್ಲಿ ಟಾಯ್ಲೆಟ್ ಇದೆಯೇನಪ್ಪಾ?" ಎಂದ.

"ವೆಸ್ಟರ್ನೇ ಐತೆ ಸಾರ್," ಎಂದ ಕಾಮ್ರಾನ್.

ತನ್ನ ಟ್ಯಾಕ್ಸಿ ಹತ್ತಿದವರಿಗೆಲ್ಲ ಅವನು ಹೇಳುತ್ತಿದ್ದದ್ದು ಮೇಲೂರಿನ ಈ ಮಾತನ್ನೇ. ಹಳ್ಳಿಗಳೆಂದರೆ ಇವನಿಗೆ ಎಷ್ಟು ಅಭಿಮಾನವಪ್ಪಾ ಎಂದು ಬೆಂಗಳೂರಿನವರು ಮೆಚ್ಚಿ ತಲೆದೂಗುತ್ತಿದ್ದರು. ಅಭಿಮಾನವೂ ಇಲ್ಲ, ಮಣ್ಣೂ ಇಲ್ಲ. ಮೇಲೂರಿನಲ್ಲಿ ಅವನ ಮಗಳಿದ್ದಳು.

ಕಹಕಶಾನಳೊಂದಿಗಿನ ಅವನ ಸಂಸಾರ ಮುರಿದುಬಿದ್ದಾಗ ಮಹೀನ್ ಇನ್ನೂ ಅಂಬೆಗಾಲಿಡುವ ಕೂಸು. ತಪ್ಪು ಯಾರದೆಂದು ಕೇಳಿದರೆ ಮೇಲೂರಿನಲ್ಲಿ ಒಂದು ಉತ್ತರ, ಅವನ ಊರಾದ ಶಿಡ್ಲಘಟ್ಟದಲ್ಲಿ ಇನ್ನೊಂದು. ಹೆಂಡತಿಯ ತಂದೆ ತಾಜ್ ಪಾಷಾ ಮಾತ್ರ ಹಿರಿಯರೆಲ್ಲರ ಎದುರಿಗೆ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದು ಖಡಾಖಂಡಿತವಾಗಿ ಹೇಳಿದ್ದರು. ಆದರೆ ಅದೇ ತಾಜ್ ಪಾಷಾ, ಮನೆಗೆ ಬಂದ ಮೆಹಮಾನರನ್ನು ಬಾಗಿಲಲ್ಲಿ ನಿಲ್ಲಿಸಿ ಕಳಿಸಿದವರಲ್ಲ. ಮೆಹಮಾನರ ಡ್ರೈವರಿಗೂ ಒಂದು ಕುರ್ಚಿ, ಒಂದು ಲೋಟ ಟೀ ಕೊಡದೆ ಬಿಟ್ಟವರೂ ಅಲ್ಲ. ಅಳಿಯನಾಗಿದ್ದವನಿಗೆ ಇದು ಗೊತ್ತಿತ್ತು. ಹಾಗಾಗಿ ಅವನು ಮೆಹಮಾನರನ್ನು ಕರೆದುಕೊಂಡು ಹೋಗತೊಡಗಿದ. ಅವರು ರೇಷ್ಮೆ ನೋಡುತ್ತಿದ್ದರು, ಇವನು ಮಗಳನ್ನು ನೋಡುತ್ತಿದ್ದ. ಮಗಳು ಇವನನ್ನು 'ಗಾಡಿ ಅಂಕಲ್' ಎನ್ನುತ್ತಿದ್ದಳು.

ಕಹಕಶಾನಳಿಗೆ ಸಲ್ಮಾನ್ ಎಂಬವನೊಂದಿಗೆ ಮತ್ತೆ ಮದುವೆಯಾದದ್ದು, ಆ ಸಲ್ಮಾನ್ ಮಾವನ ರೇಷ್ಮೆ ಕೆಲಸ ನೋಡಿಕೊಂಡು ಅದೇ ಮನೆಯಲ್ಲಿ ಉಳಿದದ್ದು ಎಲ್ಲ ಕಾಮ್ರಾನನಿಗೆ ಗೊತ್ತಿತ್ತು. ಅದಕ್ಕೆ ಅವನ ತಕರಾರೇನೂ ಇರಲಿಲ್ಲ. ಹೆಂಡತಿ ಹೋದರೆ ಹೋದಳು, ಮಗಳು ಎಲ್ಲಿ ಹೋಗುತ್ತಾಳೆ ಎಂಬ ಧೈರ್ಯದಲ್ಲಿದ್ದ. ಹೋದ ಸಲ ಬಂದಾಗ ಅತ್ತೆ ವಜೀರುನ್ನೀಸಾ ಅವನ ಮುಖ ನೋಡಲಾರದೆ, "ರಂಜಾನ್ ಮುಗೀಲಪ್ಪ, ನೀನು ಯಾರು ಅಂತ ಮಗೂಗೆ ನಾನೇ ಹೇಳ್ತೀನಿ," ಎಂದಿದ್ದರು. ರಂಜಾನ್ ಮುಗಿದಿತ್ತು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ದಾರಿಯುದ್ದಕ್ಕೂ ಒಂದೇ ಧ್ಯಾನ, ಮಗಳು ತನ್ನನ್ನು 'ಬಾವಾ' ಎಂದು ಕರೆದರೆ ಆ ದನಿ ಹೇಗಿರಬಹುದು? ಅವರ ಮನೆಮಾತಿನಲ್ಲಿ ಅಪ್ಪನನ್ನು ಬಾವಾ ಎನ್ನುತ್ತಾರೆ. ಅವನೂ ತನ್ನ ಅಪ್ಪನನ್ನು ಹಾಗೇ ಕರೆದು ಬೆಳೆದವನು.

ತಾಜ್ ಪಾಷಾ ಗೇಟಿಗೇ ಬಂದು, "ಬನ್ನಿ ಮೇಡಂ, ಬನ್ನಿ ಸಾರ್," ಎಂದು ಬರಮಾಡಿಕೊಂಡರು. ಕಾಮ್ರಾನನ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೂ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ನೂಲು ತೆಗೆಯುವ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯುವ ವಾಸನೆಗೆ ಅಂಬರೀಶ್ ಮೂಗಿಗೆ ಕರ್ಚೀಫು ಹಿಡಿದು ಅಂಗಳದಲ್ಲೇ ಉಳಿದ. ಹರಿಣಿ ಮಾತ್ರ ಒಳಗೆ ಹೋಗಿ, ಬಿಸಿನೀರಿನಿಂದ ಎದ್ದುಬರುವ ಎಳೆಗಳನ್ನು ಬಾಯಿಬಿಟ್ಟುಕೊಂಡು ನೋಡಿದಳು. ಮಹೀನ್ ಅವಳ ಅಂಗೈಯಲ್ಲಿ ಒಂದು ಗೂಡು ಇಟ್ಟು, "ಅಲ್ಲಾಡ್ಸಿ ನೋಡಿ ಆಂಟಿ, ಲೊಟಲೊಟ ಅಂತದೆ. ಒಳಗಡೆ ಹುಳ ಸತ್ತೋಗಿರ್ತದೆ," ಎಂದು ವಿವರಿಸಿದಳು. ಅಂಗಳಕ್ಕೆ ಬಂದ ಹುಡುಗಿ ಕಾಮ್ರಾನನನ್ನು ಕಂಡು ನಕ್ಕಳು. ಹೋದ ಸಲಕ್ಕಿಂತ ಇದು ಬೇರೆ ನಗು ಎಂದು ಅವನಿಗೆ ಅನ್ನಿಸಿತು. ಅತ್ತೆ ಹೇಳಿದ್ದಾರೆ, ಖಂಡಿತ ಹೇಳಿದ್ದಾರೆ.

ವಜೀರುನ್ನೀಸಾ ಟೀ ತಂದುಕೊಟ್ಟಾಗ ಅವನು ತಗ್ಗಿದ ದನಿಯಲ್ಲಿ ಕೇಳಿದ, "ಹೇಳಿದ್ರಾ ಅಮ್ಮಾ?"

"ಟೀ ಆರೋಗ್ತದೆ, ಕುಡಿ," ಎಂದು ಆಕೆ ಸೆರಗು ಸರಿಪಡಿಸಿಕೊಂಡರು.

ಅಷ್ಟರಲ್ಲಿ ಬೆನ್ನ ಹಿಂದಿನಿಂದ ಕೂಗು ಬಂತು. "ಬಾವಾ!"

ಕಾಮ್ರಾನ್ ಲೋಟವನ್ನು ಎಲ್ಲಿ ಇಟ್ಟನೋ ಅವನಿಗೇ ತಿಳಿಯದು, ಟೀಯೆಲ್ಲ ನೆಲದ ಪಾಲಾಯಿತು. ಕುರ್ಚಿಯಿಂದ ಎದ್ದು ತಿರುಗಿ, ನೆಲಕ್ಕೆ ಒಂದು ಮಂಡಿಯೂರಿ ಎರಡೂ ಕೈ ಚಾಚಿದ. ಹುಡುಗಿ ಓಡಿ ಬಂದಳು. ಅವಳ ದುಪಟ್ಟಾದ ತುದಿ ಅವನ ಕೆನ್ನೆ ಸವರಿತು. ಅವಳು ನಿಲ್ಲಲಿಲ್ಲ. ಅವನನ್ನು ದಾಟಿ ಗೇಟಿನ ಹತ್ತಿರ ಹೋಗಿ, ಆಗ ತಾನೇ ಮೊಪೆಡ್ಡಿನಿಂದ ಇಳಿಯುತ್ತಿದ್ದ ಸಲ್ಮಾನನ ಸೊಂಟವನ್ನು ತಬ್ಬಿಕೊಂಡಳು. ಸಲ್ಮಾನನ ಒಂದು ಕೈಯಲ್ಲಿ ಭಾನುವಾರದ ಮಾಂಸದ ಚೀಲ. ಇನ್ನೊಂದು ಕೈಯಿಂದ ಅವಳನ್ನು ಎತ್ತಿಕೊಂಡ.

ಕೆಟ್ಟವನಲ್ಲ ಸಲ್ಮಾನ್. ಮಂಡಿಯೂರಿದವನನ್ನು ಕಂಡದ್ದೇ ಕಣ್ಣು ತಗ್ಗಿಸಿ, ಮಗುವನ್ನು ಮೆಲ್ಲಗೆ ಇಳಿಸಿಬಿಟ್ಟ. ಅವನು ಹಾಗೆ ಇಳಿಸಿದ್ದೇ ಕಾಮ್ರಾನನಿಗೆ ಹೆಚ್ಚು ಉರಿಯಿತು. ಚಾಚಿದ ಕೈಗಳನ್ನು ಏನಾದರೂ ಮಾಡಬೇಕಲ್ಲ, ಚಪ್ಪಲಿಯ ಬಾರು ಸರಿಮಾಡುವವನಂತೆ ಬಗ್ಗಿಯೇ ಕುಳಿತ.

"ಯಾರೂ ಕಲಿಸ್ಲಿಲ್ಲಪ್ಪ. ಹಬ್ಬದ ದಿನ ಮಗೂನೇ ತಾನಾಗಿ ಅವನನ್ನ ಹಂಗೆ ಕರೀತು," ಎಂದು ವಜೀರುನ್ನೀಸಾ ಅವನ ತಲೆಯ ಮೇಲಿನಿಂದ ಪಿಸುಗುಟ್ಟಿದರು. "ಈಗ ನಾನು ಅದಕ್ಕೆ ಏನಂತ ಹೇಳ್ಲಿ? ನೀನೇ ಹೇಳು."

ಅವನು ಬಾರನ್ನು ಇನ್ನೊಮ್ಮೆ ಎಳೆದ. ಚಪ್ಪಲಿಯಲ್ಲಿ ಸರಿಮಾಡಲು ಏನೂ ಉಳಿದಿರಲಿಲ್ಲ.

ವಾಪಸು ಹೊರಟಾಗ ಹರಿಣಿಯ ಸಂತೋಷ ಉಕ್ಕಿ ಹರಿಯುತ್ತಿತ್ತು. ದ್ರಾಕ್ಷಿ ತೋಟಗಳು, ಹಿಪ್ಪುನೇರಳೆ ಹೊಲಗಳು ಒಂದೊಂದಾಗಿ ಹಿಂದೆ ಸರಿದವು. "ಎಂಥ ಚೂಟಿ ಹುಡುಗಿ! ಅದಿರಲಿ ಕಾಮ್ರಾನ್, ಅಷ್ಟು ದೊಡ್ಡವರು ಆ ಮಗೂಗೆ ಭಾವನಾ? ಭಾವ ಭಾವ ಅಂತ ಓಡಿದಳಲ್ಲ. ಅಕ್ಕನ ಗಂಡ ಇರಬೇಕು, ಅಲ್ವಾ?"

ಕಾಮ್ರಾನನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು. ನಮ್ಮಲ್ಲಿ ಬಾವಾ ಅಂದ್ರೆ ಅಪ್ಪ ಮೇಡಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅದನ್ನು ಹೇಳುವುದೆಂದರೆ ಆ ಹೆಸರನ್ನು ತನ್ನ ಬಾಯಿಂದಲೇ ಸಲ್ಮಾನನಿಗೆ ಬರೆದುಕೊಟ್ಟಂತೆ. ಅದೊಂದು ಅವನಿಂದಾಗಲಿಲ್ಲ.

"ಹೌದು ಮೇಡಂ. ಭಾವ," ಎಂದ.

ಹಾಗೆಂದ ಮೇಲೆ ಒಂದು ಗಳಿಗೆ ಎದೆ ಹಗುರಾಯಿತು. ಸಲ್ಮಾನ್ ಹುಟ್ಟೇ ಇರದ ಅಕ್ಕನೊಬ್ಬಳ ಗಂಡನಾದ, ಅಪ್ಪನ ಜಾಗ ಖಾಲಿಯಾಗಿ ಉಳಿಯಿತು.

"ಮತ್ತೆ ಅವಳ ಅಪ್ಪ ಎಲ್ಲಿ? ಕಾಣಿಸ್ಲೇ ಇಲ್ಲ," ಎಂದಳು ಹರಿಣಿ.

ಈ ಪ್ರಶ್ನೆ ಬರಬಹುದೆಂದು ಅವನಿಗೆ ಹೊಳೆದಿರಲಿಲ್ಲ. "ಇಲ್ಲ ಮೇಡಂ."

"ಇಲ್ಲ ಅಂದ್ರೆ... ತೀರ್ಕೊಂಡ್ರಾ?"

ಎದುರಿಗೆ ಲಾರಿ ಬರುತ್ತಿತ್ತು. ಅವನು ಕಾರನ್ನು ರಸ್ತೆಯಂಚಿಗೆ ಒತ್ತಿ ಅದಕ್ಕೆ ದಾರಿ ಬಿಟ್ಟ. "ಹ್ಞೂಂ."

"ಅಯ್ಯೋ ಪಾಪ. ಏನಾಗಿತ್ತು?"

"ಗಾಡಿ ಓಡಿಸ್ತಿದ್ದ."

"ಆಕ್ಸಿಡೆಂಟು," ಎಂದು ಅಂಬರೀಶ್ ಉಳಿದದ್ದನ್ನು ತಾನೇ ಪೂರ್ತಿ ಮಾಡಿದ. "ಈ ರೋಡುಗಳೇ ಹಾಗೆ."

ಹರಿಣಿಯ ಕಣ್ಣು ತುಂಬಿಬಂತು. ಒಳ್ಳೆಯ ಹೆಂಗಸು. "ಮುಂದಿನ ತಿಂಗಳು ಇನ್ನೊಂದು ಸಲ ಬರೋಣ ರೀ. ಅವಳಿಗೆ ಬಟ್ಟೆ, ಪುಸ್ತಕ ತರ್ತೀನಿ. ಅಪ್ಪ ಇಲ್ಲದ ಮಗು, ಓದಿಸೋದರ ಬಗ್ಗೆ ಅವರ ತಾತನ ಹತ್ರ ಕೂತು ಮಾತಾಡ್ತೀನಿ. ಕಾಮ್ರಾನ್, ನೀವೇ ಕರ್ಕೊಂಡ್ಹೋಗ್ಬೇಕು."

"ಆಗ್ಲಿ ಮೇಡಂ," ಎಂದ ಕಾಮ್ರಾನ್. ತಾತನೆದುರು ಸತ್ತ ಅಪ್ಪನ ಮಾತೆತ್ತಿದರೆ ಸುಳ್ಳು ಬಯಲಾಗುತ್ತದೆ, ಇವಳನ್ನು ಇನ್ನು ಆ ಮನೆಗೆ ಕರೆದೊಯ್ಯುವಂತಿಲ್ಲ. ಇವಳು ಫೋನಿನಲ್ಲಿ ಹಾಕುವುದನ್ನು ಓದಿ ಬರುವವರನ್ನೂ ಕರೆದೊಯ್ಯುವಂತಿಲ್ಲ. ಮೆಹಮಾನರಿಲ್ಲದೆ ಅವನು ಆ ಗೇಟು ದಾಟುವಂತೆಯೇ ಇಲ್ಲ. ಬೇರೆ ಯಾರೂ ಮುಚ್ಚದ ಬಾಗಿಲನ್ನು ತಾನೇ ಎಳೆದು ಮುಚ್ಚಿಕೊಂಡಿದ್ದ.

ಮುಂದೆ ಕುರಿಮಂದೆಯೊಂದು ರಸ್ತೆಗಿಳಿಯಿತು. ಅವನು ಕಾರು ನಿಲ್ಲಿಸಿದ.

"ಅವಳ ಫೋಟೋ ಹಾಕ್ತಿದೀನಿ," ಎಂದಳು ಹರಿಣಿ, ಫೋನಿನಲ್ಲಿ ಅಕ್ಷರ ಒತ್ತುತ್ತ. "ಹೆಸರು ಹೇಗೆ? ಎಂ, ಎ, ಎಚ್, ಐ, ಎನ್?"

"ಐ ಅಲ್ಲ ಮೇಡಂ. ಡಬಲ್ ಇ."

"ಖಾತ್ರಿನಾ?"

"ಖಾತ್ರಿ ಮೇಡಂ."

ಅವಳು ತಿದ್ದಿದಳು. ಹಿಂದೆ ಯಾರೋ ಹಾರನ್ ಹೊಡೆದರು, ಮತ್ತೆ ಹೊಡೆದರು. ಕುರಿಗಳು ಆಗಲೇ ಆಚೆಯ ಹೊಲಕ್ಕಿಳಿದಿದ್ದವು, ಖಾಲಿ ರಸ್ತೆಯ ಮೇಲೆ ಧೂಳು ಇನ್ನೂ ಕೂರುತ್ತಿತ್ತು.