ತಿರುಮಲಮ್ಮನವರ ದನಿ ಹೊತ್ತ ಫೋನು

“ಇದನ್ನ ತಡೆಯೋರು ಯಾರೂ ಇಲ್ವೇ?” ನನ್ನನ್ನು ಮಡಿಲಲ್ಲಿಟ್ಟುಕೊಂಡು ತಿರುಮಲಮ್ಮ ಕೇಳಿದರು. ಮನೆಯಲ್ಲಿ ಮತ್ತಾರೂ ಇರಲಿಲ್ಲ. ಹೊರಗೆ ಬೀದಿಯಲ್ಲಿ ಹಾಲು ಹರಿಯುತ್ತಿತ್ತು.

ನಾನು ಒಂದು ಫೋನು. ಹುಟ್ಟಿದ್ದು ಕಾರ್ಖಾನೆಯೊಂದರ ಬಿಳಿ ದೀಪದ ಕೆಳಗೆ. ಮೊದಲು ಕೊಂಡವಳು ಒಬ್ಬ ನರ್ಸು. ಆಕೆಗೆ ನಾನು ಬರೀ ಗಡಿಯಾರ. ಗಾಜು ಬಿರಿದ ಮೇಲೆ ತನ್ನ ಚಿಕ್ಕಮ್ಮ ತಿರುಮಲಮ್ಮನಿಗೆ ಕೊಟ್ಟುಬಿಟ್ಟಳು. ಅವರು ನನಗೆ ಕುಂಕುಮ ಹಚ್ಚಿ ಮಹಾಭಾರತದ ಪುಸ್ತಕದ ಪಕ್ಕದಲ್ಲಿಟ್ಟರು.

ಅವರು ಗಮಕ ಓದುವವರು. ದಿನಾ ಬೆಳಿಗ್ಗೆ ಒಂದು ಪದ್ಯವನ್ನು ರಾಗವಾಗಿ ನನ್ನೊಳಗೆ ಹಾಡಿ ಬೀದಿಯವರ ಫೋನ್ ಗುಂಪಿಗೆ ಕಳಿಸುವರು. ಕೇಳಿದವರು ಅದನ್ನು ಪ್ರಸಾದದಂತೆ ಇನ್ನೊಂದು ಮನೆಗೆ ದಾಟಿಸದೆ ಕಾಫಿ ಕುಡಿಯುತ್ತಿರಲಿಲ್ಲ. ಗುಂಪಿಗೆ ಬಂದ ಬರಹವನ್ನೂ ಓದು ಬಾರದವರಿಗಾಗಿ ಅವರೇ ಓದಿ ಹೇಳುವುದು ರೂಢಿ.

ಒಂದು ಸೋಮವಾರ ಗುರುತಿಲ್ಲದ ನಂಬರಿನಿಂದ ಬರಹ ಬಂತು: ಹಾಲಿನ ದಸ್ತಗೀರ ಕ್ಯಾನಿಗೆ ವಿಷ ಬೆರೆಸುತ್ತಾನೆ. ತಿರುಮಲಮ್ಮ ಬೆದರಿದರು. ಎಲ್ಲ ಮಕ್ಕಳಿರುವ ಮನೆಗಳು. ಪದ್ಯ ಮುಗಿಸಿದ ದನಿಯಲ್ಲೇ, ರಾಗವೂ ಇಳಿಯದೆ, ಅದನ್ನೂ ಓದಿಬಿಟ್ಟರು. ನಾನು ಹೊತ್ತೊಯ್ದೆ.

ಒಂಬತ್ತು ಗಂಟೆಗೆ ಜನ ಅವನ ಮೇಲೆ ಮುಗಿಬಿದ್ದರು, ಕ್ಯಾನುಗಳು ಬೀದಿಗೆ ಬಿದ್ದವು. ದಸ್ತಗೀರನ ಬಲಗೈ ಮುರಿಯಿತು. ಹಾಲು ಕರೆಯುವ ಕೈ.

ಪ್ರಯೋಗಾಲಯದವರು ಹಾಲಿನಲ್ಲಿ ಏನೂ ಇಲ್ಲವೆಂದರು. ಅದನ್ನೂ ತಿರುಮಲಮ್ಮ ರಾಗವಾಗಿಯೇ ಓದಿದರು. ಆ ದಿನ ಮಾತ್ರ ಎಲ್ಲರೂ ಅದನ್ನು ಯಾರಿಗೂ ದಾಟಿಸದೆ ಕಾಫಿ ಕುಡಿದರು.

ದಸ್ತಗೀರ ದೂರು ಕೊಟ್ಟ. ಗುಂಪು ಮುಚ್ಚಬೇಕು, ನಾಳೆ ಫೋನು ಒಪ್ಪಿಸಬೇಕು ಎಂದು ಪೊಲೀಸರು ಹೇಳಿಹೋದರು. ಗುಂಪಿನ ಹಿರಿಯರು, ನಿವೃತ್ತ ಪೋಸ್ಟ್‌ಮಾಸ್ಟರ್ ಶೇಷಾದ್ರಿ, ಸಿಡುಕಿದರು: “ಇವತ್ತು ಸುದ್ದಿಗೆ ಲಗಾಮು ಹಾಕ್ತಾರೆ. ನಾಳೆ ಯಾವ ಪದ್ಯ ಓದ್ಬೇಕು ಅಂತಲೂ ಸರ್ಕಾರದೋರೇ ಹೇಳ್ತಾರೆ ಕಣಮ್ಮ.” ತಿರುಮಲಮ್ಮನಿಗೆ ಅದೂ ನಿಜವೆನಿಸಿತು. ಲಗಾಮಿಲ್ಲದ ಬಾಯಿ ಮಾಡಿದ್ದೂ ಕಣ್ಣೆದುರಿಗಿತ್ತು, ಆ ಬಾಯಿ ತಮ್ಮದೇ.

ನನಗೂ ವಯಸ್ಸಾಯಿತು. ಬ್ಯಾಟರಿ ಮಧ್ಯಾಹ್ನಕ್ಕೇ ಸೋಲುತ್ತದೆ. ಇನ್ನು ಠಾಣೆಯ ಬೀರುವೇ ನನ್ನ ಮೂಲೆ. ಪದ್ಯಕ್ಕೂ ಸುಳ್ಳಿಗೂ ನನ್ನೊಳಗೆ ತೂಕ ಒಂದೇ. ತೂಗಿ ನೋಡಬೇಕಾದವರು ನನ್ನ ಹೊರಗಿದ್ದರು.

ಸಂಜೆ ತಿರುಮಲಮ್ಮ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ದಸ್ತಗೀರನ ಮನೆಗೆ ಹೋದರು. ಅವನ ಹೆಂಡತಿ ಎಮ್ಮೆಯ ಕೆಚ್ಚಲ ಬಳಿ ಕುಕ್ಕರಗಾಲಲ್ಲಿ ಕೂತು, ಬಾರದ ಕೆಲಸ ಕಲಿಯುತ್ತಿದ್ದಳು. ಅವನು ಎದ್ದು ಮಣೆ ತೋರಿಸಿದ. ಇವರು ಕೂರಲಿಲ್ಲ. ತಪ್ಪಾಯಿತೆಂದರು. ಆಮೇಲೆ ತಡವರಿಸುತ್ತ, ದೂರು ಹಿಂದಕ್ಕೆ ತೊಗೊಳ್ಳಪ್ಪ, ಇನ್ಮೇಲೆ ಗುಂಪನ್ನ ನಾನೇ ಕಾಯ್ತೀನಿ ಎಂದು ಕೇಳಿದರು.

ದಸ್ತಗೀರ ಕಟ್ಟು ಹಾಕಿದ ಕೈಯನ್ನೇ ನೋಡಿದ.

“ಇಪ್ಪತ್ತು ವರ್ಷ ನಿಮ್ಮ ದೇವರ ಅಭಿಷೇಕಕ್ಕೆ ಹಾಲು ತಂದೋನು ನಾನು, ಅಮ್ಮೋರೆ. ಓದೋಕೆ ಮುಂಚೆ ಒಂದ್ಸಲ ನನ್ನ ಕೇಳ್ಲಿಲ್ಲ ನೀವು. ಈಗ ನನ್ನ ಕಡೆ ನಿಂತಿರೋದು ಆ ದೂರಿನ ಕಾಗದ ಒಂದೇ. ಹಿಂದಕ್ಕೆ ತೊಗೊಳ್ಳಲ್ಲ.”