ಗೇಣಿಗೆ ಎರಡು ಬೆರಳು ಕಡಿಮೆ

ಗಾಳಿ ಬಂದರೆ ಸಾಕು, ಒಣಗಿದ ಬೀನ್ಸ್ ಕಾಯಿಗಳು ಗಲಗಲ ಅನ್ನುತ್ತವೆ, ಗಿಲಕಿಯ ಹಾಗೆ — ಗಿಲಕಿ ಯಾಕೆ ನೆನಪಾಗಬೇಕು ಸ್ಪಂದನಾಗೆ, ಮನೆಯಲ್ಲಿ ಮಗು ಇಲ್ಲ, ಆಗಲಿ ನಿಧಾನಕ್ಕೆ ಅಂದವನು ಗಂಡ ಮನು, ಅವನೂ ಇಲ್ಲ, ಅವನು ಬಿತ್ತಿದ್ದು ಮಾತ್ರ ಇದೆ, ಹೂ ಬಿಡುವ ಹೊತ್ತಿಗೆ ಗೊರೂರು ರಸ್ತೆಯಲ್ಲಿ ಅವನ ಬೈಕು ಜಾರಿತು, ಆಮೇಲೆ ಕಾಯಿ ಕೀಳಲು ಅವಳು ಬರಲಿಲ್ಲ, ಅವು ಗಿಡದಲ್ಲೇ ಬಲಿತು ಗಿಡದಲ್ಲೇ ಒಣಗಿದವು, ಅಕ್ಕಪಕ್ಕದ ಪಾತಿಗಳಲ್ಲಿ ಮೂಲಂಗಿ ಮುಗಿದು ಸೊಪ್ಪು ಬಂದಿದೆ, ಇವಳ ಪಾತಿಯೊಂದೇ ಹುಲ್ಲಿನ ಬಣ್ಣಕ್ಕೆ ತಿರುಗಿ ನಿಂತಿದೆ. ಬಡಾವಣೆಯವರೆಲ್ಲ ಸೇರಿ ಖಾಲಿ ಸೈಟಿನಲ್ಲಿ ಮಾಡಿಕೊಂಡ ತೋಟ, ಮನೆಗೊಂದು ಪಾತಿ, ಔಷಧಿ ಹೊಡೆಯುವಂತಿಲ್ಲ, ಯೂರಿಯಾ ಹಾಕುವಂತಿಲ್ಲ, ಖಾಲಿ ಬಿಡುವಂತಿಲ್ಲ. ಬೆಳಿಗ್ಗೆ ಸಂಘದ ಗಂಗಾಧರಯ್ಯ ಗೇಟಿನ ಹತ್ತಿರ ನಿಂತು, ಇವಳ ಮುಖ ನೋಡದೆ, ಚಪ್ಪಲಿಯ ಮಣ್ಣು ಒರೆಸಿಕೊಳ್ಳುತ್ತಾ ಹೇಳಿದರು, ನಿಮ್ಮ ಕಷ್ಟ ಗೊತ್ತಿಲ್ಲ ಅಂತಲ್ಲಮ್ಮಾ, ಇಷ್ಟು ದಿನ ನಾವ್ಯಾರೂ ಕೇಳಲಿಲ್ಲ, ಬೇರೆಯೋರು ಕಾಯ್ತಾ ಇದ್ದಾರೆ, ಇವತ್ತು ಸಂಜೆಯೊಳಗೆ ಇದನ್ನ ಕಿತ್ತು ಏನಾದ್ರೂ ಬಿತ್ತಿಬಿಡಿ, ಇಲ್ಲಾಂದ್ರೆ ಅವರಿಗೆ ಕೊಡಬೇಕಾಗತ್ತೆ. ಆಯ್ತು ಅಂದಳು. ಈಗೀಗ ಎಲ್ಲದಕ್ಕೂ ಆಯ್ತು ಅನ್ನುತ್ತಾಳೆ, ಬೈಕು ಮಾರೋಣವಾ ಅಂದರೆ ಆಯ್ತು, ಅವನ ಶರ್ಟುಗಳನ್ನು ಯಾರಿಗಾದರೂ ಕೊಡೋಣವಾ ಅಂದರೆ ಆಯ್ತು, ಬಿಸಿಲು ಇಳಿಯುತ್ತಿದೆ, ಕೈ ಗಿಡಕ್ಕೆ ಹೋಗಿ ವಾಪಸು ಬರುತ್ತದೆ.

ಮೊದಲ ದಿನ ಅವಳು ಸ್ಕೇಲು ತಂದಿದ್ದಳು, ಗಂಗೋತ್ರಿಯಲ್ಲಿ ಓದುವಾಗ ಹಾಸ್ಟೆಲಿನಲ್ಲಿದ್ದ ಕಾಲದ್ದು, ಅಂಚು ಸವೆದದ್ದು, ಗಿಡಕ್ಕೂ ಗಿಡಕ್ಕೂ ಎಷ್ಟು ಸೆಂಟಿಮೀಟರು ಅಂತ ಓದಿಕೊಂಡು ಬಂದಿದ್ದಳು, ಅವನು ನಕ್ಕ ನಗೆಗೆ ಆ ಕಡೆ ಪಾತಿಯವರು ತಿರುಗಿ ನೋಡಿದರು, ಅಲ್ಲ ಕಣೇ, ನಮ್ ದುದ್ದದಲ್ಲಿ ಸ್ಕೇಲಿಲ್ಲ ಅಂತ ಬೀಜ ಹುಟ್ಟದೆ ಕೂತಿದ್ವಾ — ಮಂಡಿಯೂರಿ ಕೂತು ಒದ್ದೆ ಮಣ್ಣಿನ ಮೇಲೆ ಕೈ ಬಿಚ್ಚಿಟ್ಟ, ಹೆಬ್ಬೆರಳು ಇಲ್ಲಿ, ಕಿರುಬೆರಳು ಅಲ್ಲಿ, ಎರಡೂ ಕಡೆ ಒಂದೊಂದು ಗುಳಿ, ಆಮೇಲೆ ಕಿರುಬೆರಳಿದ್ದ ಕಡೆ ಹೆಬ್ಬೆರಳು ಬರುತ್ತದೆ, ಕಿರುಬೆರಳು ಮುಂದಕ್ಕೆ, ಕಂಬಳಿಹುಳದ ಹಾಗೆ ಅವನ ಕೈ ಪಾತಿಯ ಆ ತುದಿಯವರೆಗೆ ನಡೆಯಿತು, ಹಿಂದೆ ಇವಳು, ಗುಳಿಗೆ ಬೀಜ, ಬೀಜದ ಮೇಲೆ ಮಣ್ಣು. ಭಾನುವಾರ ಬಂದರೆ ದುದ್ದದಿಂದ ಬೈಕಿನ ಮೇಲೆ ಒಂದು ಕ್ಯಾನು ಗಂಜಲ, ಒಂದು ಚೀಲ ಸಗಣಿ, ಬೆಲ್ಲ ಹಾಕಿ ಡ್ರಮ್ಮಿನಲ್ಲಿ ಕಲಕುತ್ತಿದ್ದ, ಎದುರು ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು, ಮೂಗು ಮುಚ್ಕೊಂಡೋರೇ ಮೊದಲು ಕಾಯಿ ಕೇಳೋದು, ನೋಡ್ತಿರು ಅಂದ, ಹಾಗೇ ಆಯಿತು, ಮೊದಲ ಬದನೆಕಾಯಿ ಕೇಳಿಕೊಂಡು ಬಂದದ್ದು ಎದುರು ಮನೆಯವರೇ. ಆಮೇಲೆ ಹಾಕಿದ ಈ ಬೀನ್ಸಿಗೂ ಅದೇ ಗೇಣು. ಗೋಡೆಯ ಮೇಲೆ ಅವನ ಫೋಟೋ ಇದೆ, ಎದೆಯವರೆಗೆ ಮಾತ್ರ, ನಗು ಇದೆ, ಕೈ ಇಲ್ಲ. ಕೈ ಇರುವುದು ಇಲ್ಲಿ, ಒಂದು ಬುಡಕ್ಕೂ ಇನ್ನೊಂದು ಬುಡಕ್ಕೂ ನಡುವೆ, ಸಾಲು ಪೂರ್ತಿ, ಗಿಡ ಕಿತ್ತು ಮಣ್ಣು ಕೆದರಿದರೆ ಅದು ಹೋಗುತ್ತದೆ, ಕೀಳದಿದ್ದರೆ ಪಾತಿಯೇ ಹೋಗುತ್ತದೆ, ಬೇರೆ ಯಾರೋ ಬಂದು ಕೀಳುತ್ತಾರೆ. ಅವಳು ತನ್ನ ಕೈ ಬಿಚ್ಚಿ ಇಟ್ಟು ನೋಡುತ್ತಾಳೆ, ಹೆಬ್ಬೆರಳು ಈ ಬುಡಕ್ಕೆ, ಕಿರುಬೆರಳು ಆ ಬುಡಕ್ಕೆ ಮುಟ್ಟುವುದಿಲ್ಲ, ಎಳೆದರೂ ಮುಟ್ಟುವುದಿಲ್ಲ, ಎರಡು ಬೆರಳಿನಷ್ಟು ಕಡಿಮೆ, ಮುಂದಿನ ಗಿಡಕ್ಕೂ ಅಷ್ಟೇ ಕಡಿಮೆ.

ಗಂಜಲದ ವಾಸನೆ ಬಂತು, ಅವಳು ಗೇಟಿನ ಕಡೆ ತಿರುಗಿದಳು — ಅವನಲ್ಲ, ಅತ್ತೆ, ಸುಬ್ಬಮ್ಮ, ದುದ್ದದ ಬಸ್ಸಿನಿಂದ ಇಳಿದು ಸೀದಾ ತೋಟಕ್ಕೇ ಬಂದಿದ್ದಾರೆ, ತಿಥಿ ಆದ ಮೇಲೆ ಇದೇ ಮೊದಲು, ಕೈಯಲ್ಲಿ ಅದೇ ಕ್ಯಾನು. ಬಸ್ಸಿನಲ್ಲಿ ಕಂಡಕ್ಟರು ಇದನ್ನು ತಗೊಂಡು ಇಳಿಯಮ್ಮ ಅಂದನಂತೆ, ನಿನ್ ಬಸ್ಸು ಇದ್ಕಿಂತ ನಾರ್ತದೆ ಕಣಪ್ಪ, ನಾನೇನಾರ ಇಳಿ ಅಂದ್ನಾ ಅಂತ ಇವರು ಕೇಳಿದರಂತೆ, ಹೇಳುತ್ತಾ ಪಾತಿಯ ಅಂಚಿನಲ್ಲಿ ಕೂತರು, ನಗಲಿಲ್ಲ. ಬೀನ್ಸು ನೋಡಿದರು, ಸೊಸೆಯನ್ನು ನೋಡಿದರು, ಅದ್ಯಾಕವ್ವ ಮಣ್ ಮ್ಯಾಲೆ ಕೈ ಇಟ್ಕಂಡು ಕುಂತಿದ್ದೀಯ. ಏನಿಲ್ಲ ಅನ್ನಬೇಕು ಅಂದುಕೊಂಡಳು, ಬಾಯಿಗೆ ಬಂದದ್ದು ಬೇರೆ, ಇದು ಅವರ ಗೇಣು ಅತ್ತೆ, ಕಿತ್ತರೆ ಮತ್ತೆ ಸಿಗಲ್ಲ, ನನ್ನ ಕೈ ಸಾಲಲ್ಲ. ಅತ್ತೆ ಒಂದು ಕಾಯಿ ಬಿಡಿಸಿ ಬೀಜಗಳನ್ನು ಸೆರಗಿನ ತುದಿಗೆ ಹಾಕಿಕೊಂಡರು, ಇನ್ನೊಂದು ಬಿಡಿಸಿದರು, ಆಮೇಲೆ ಮುಂದಕ್ಕೆ ಬಗ್ಗಿ, ತಗಿ ನಿನ್ ಕೈಯ ಅಂದರು. ಇವಳು ತೆಗೆದಳು. ಅಲ್ಲಿ ಅವರು ತಮ್ಮ ಕೈ ಬಿಚ್ಚಿಟ್ಟರು, ಹೆಬ್ಬೆರಳು ಈ ಬುಡಕ್ಕೆ, ಸೊಟ್ಟಗಾದ ಕಿರುಬೆರಳು ಜರುಗುತ್ತಾ ಜರುಗುತ್ತಾ ಆ ಬುಡಕ್ಕೆ, ಮುಟ್ಟಿತು — ಹೆಣ್ಣಿಗೆ ಇಷ್ಟು ದೊಡ್ಡ ಕೈ ಅಂತ ಅತ್ತೆಯ ಮದುವೆಯ ದಿನ ಬಳೆಗಾರ ಆಡಿಕೊಂಡಿದ್ದನಂತೆ, ಮನು ಹೇಳಿ ಹೇಳಿ ನಗುತ್ತಿದ್ದ, ಅವನ ಉಗುರುಗಳೂ ಹೀಗೇ ಅಗಲ, ಹೀಗೇ ಮಣ್ಣು ಕೂತದ್ದು, ಇಷ್ಟು ದಿನ ಈ ಕೈಯಿಂದ ಊಟ ಬಡಿಸಿಕೊಂಡರೂ ಅವಳು ನೋಡಿರಲಿಲ್ಲ. ಕೀಳವ್ವ, ಅತ್ತೆ ತಲೆ ಎತ್ತದೆ ಅಂದರು, ನಾ ಕೈ ತಗಿಯಾಕಿಲ್ಲ, ಇದೇ ಜಾಗಕ್ಕೆ ಈ ಬೀಜ ಹಾಕುವಂತೆ. ಅವಳು ಎಳೆದಳು, ಬೇರು ಮಣ್ಣು ಹಿಡಿದುಕೊಂಡೇ ಬಂತು, ಕಾಯಿಗಳು ಗಲಗಲ ಅಂದು ಸುಮ್ಮನಾದವು, ಎರಡನೆಯದನ್ನೂ ಎಳೆದಳು, ಈಗ ಗಿಡವಿಲ್ಲ, ಎರಡು ಗುಳಿ, ನಡುವೆ ಕೈ, ಹೆಬ್ಬೆರಳು ಇಲ್ಲಿ, ಕಿರುಬೆರಳು ಅಲ್ಲಿ, ಮಣ್ಣಿನ ಮೇಲೆ ಬಿಚ್ಚಿಟ್ಟ ಕೈ, ಹೆಬ್ಬೆರಳು ಇಲ್ಲಿ, ಕಿರುಬೆರಳು ಅಲ್ಲಿ —