ಪಂಪಿನವನ ಅಂಗಿ

"ರಕ್ತ ಅಂತಾರಾ ಇದಕ್ಕೆ? ಅಕ್ಕಿ ತೊಳೆದ ನೀರು! ಸೊಳ್ಳೆಗೂ ಬೇಡವಾದ ರಕ್ತ ಇಟ್ಕೊಂಡು ದಿನಾ ಇಲ್ಲಿಗ್ಯಾಕೆ ಬರ್ತೀಯೇ, ದರಿದ್ರದವಳೇ?"

ಸಾಹೇಬರು ಒದ್ದೆ ಕಾಗದವೊಂದನ್ನು ಅವಳ ಮೂಗಿನ ಹತ್ತಿರ ಹಿಡಿದು ಅಲ್ಲಾಡಿಸಿದರು. ಅದರ ಮೇಲೆ ಸೊಳ್ಳೆಯ ಮೊಟ್ಟೆಗಳು ಅಲ್ಲೊಂದು ಇಲ್ಲೊಂದು ಮಸಿಯ ಚುಕ್ಕೆಗಳಂತೆ ಅಂಟಿದ್ದವು. ಮೊದಲಾದರೆ ಕಾಗದ ಬೆಳ್ಳಗೆ ಕಾಣುತ್ತಲೇ ಇರಲಿಲ್ಲ. ಅವಳು ಏಳಲಿಲ್ಲ, ತಿರುಗಲೂ ಇಲ್ಲ. ಬಲಗೈ ಮೊಣಕೈವರೆಗೆ ಸೊಳ್ಳೆಪರದೆಯ ಪಂಜರಕ್ಕೆ ಹೊಲಿದ ಬಟ್ಟೆಯ ತೋಳಿನೊಳಗಿತ್ತು. ಒಳಗೆ ಸೊಳ್ಳೆಗಳು ಕೈ ತುಂಬ ಕೂತು ಕುಡಿಯುತ್ತಿದ್ದವು. ಅರ್ಧಕ್ಕೆ ಎದ್ದ ಸೊಳ್ಳೆ ಸರಿಯಾಗಿ ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಬೈಗುಳ ತಿನ್ನುವಾಗಲೂ ಕೈ ಅಲುಗಬಾರದು. ಅವಳ ಕೆಲಸ ಅದೇ.

ಊರಿನ ಸೊಳ್ಳೆ ಕೊಲ್ಲುವ ಆಫೀಸಿನ ಹಿಂಭಾಗದಲ್ಲಿ ಸೊಳ್ಳೆ ಸಾಕುವ ಈ ಕೋಣೆ ಇತ್ತು. ಹೊಸ ಔಷಧಿ ಯಾವುದೇ ಬರಲಿ, ಮೊದಲು ಇಲ್ಲಿ ಹುಟ್ಟಿದ ಸೊಳ್ಳೆಗಳ ಮೇಲೆ ಹೊಡೆದು ನೋಡುತ್ತಿದ್ದರು. ಕಿಟಕಿ ತೆರೆಯುವಂತಿಲ್ಲ, ಫ್ಯಾನು ಹಾಕುವಂತಿಲ್ಲ. ಗೋಡೆಗೆ ನೇತುಹಾಕಿದ ಒದ್ದೆ ಟವೆಲುಗಳ ಕಮಟು ವಾಸನೆಯಲ್ಲಿ ತಟ್ಟೆ ತಟ್ಟೆ ನೀರಿನೊಳಗೆ ಮರಿಹುಳುಗಳು ಬಳುಕುತ್ತಿದ್ದವು. ಅವಕ್ಕೆ ಬಿಸ್ಕತ್ತಿನ ಪುಡಿ ಉದುರಿಸುವುದು, ತಟ್ಟೆ ತೊಳೆಯುವುದು, ಬೆಳೆದ ಸೊಳ್ಳೆಗಳಿಗೆ ಕೈ ಕೊಡುವುದು, ಎಲ್ಲವೂ ಅವಳದೇ. ಹಿಂದೆ ರಕ್ತ ಕೊಡಲು ಮೊಲಗಳಿದ್ದವಂತೆ. ಅವೇಕೆ ಹೋದವೆಂದು ಅವಳೊಮ್ಮೆ ಕೇಳಿದ್ದಕ್ಕೆ ಮೇಸ್ತ್ರಿ ಹಲ್ಲು ಕಿರಿದಿದ್ದ: "ಮೊಲಕ್ಕೆ ಮೇಲಿನವರ ಒಪ್ಪಿಗೆ ಬೇಕು, ಅದಕ್ಕೊಂದು ಕಮಿಟಿ ಕೂರಬೇಕು. ನಿನಗ್ಯಾವ ಕಮಿಟಿನಮ್ಮ?"

"ನಾಡಿದ್ದು ಔಷಧಿ ಕಂಪನಿಯವರು ಬರ್ತಾರೆ," ಎಂದರು ಸಾಹೇಬರು. "ಸೊಳ್ಳೆ ಎಲ್ಲಿ ಅಂದ್ರೆ ನಿನ್ನ ಮುಖ ತೋರಿಸ್ಲಾ?"

"ಎರಡೂ ಕೈ ಇಡ್ತೀನಿ ಸಾಹೇಬ್ರೇ. ಎರಡು ಹೊತ್ತು ಇಡ್ತೀನಿ."

"ಒಂದು ಲೋಟದ ನೀರು ಎರಡು ಲೋಟಕ್ಕೆ ಹಾಕಿದ್ರೆ ಹಾಲಾಗುತ್ತೇನೇ?" ಸಾಹೇಬರು ಕಾಗದವನ್ನು ಬುಟ್ಟಿಗೆ ಎಸೆದರು. ಆಮೇಲೆ ದನಿ ಇಳಿಸಿ, ಉಪಕಾರ ಮಾಡುವವರ ಹಾಗೆ ಹೇಳಿದರು: "ಮಗಳಿದ್ದಾಳಲ್ಲ? ಬೆಳೆದಿದ್ದಾಳೆ, ಮೈ ಕೈ ತುಂಬ್ಕೊಂಡಿದ್ದಾಳೆ. ನಾಳೆಯಿಂದ ಅವಳನ್ನ ಕಳಿಸು. ನೀನು ತಟ್ಟೆ ತೊಳ್ಕೊಂಡಿರು. ಇಲ್ಲಾಂದ್ರೆ ಇಬ್ಬರೂ ಮನೇಲಿರಿ."

ಪಂಜರದೊಳಗೆ ಅವಳ ಕೈ ಅಲುಗಿಬಿಟ್ಟಿತು. ಸೊಳ್ಳೆಗಳೆಲ್ಲ ಒಮ್ಮೆಲೇ ಎದ್ದವು.

"ನೋಡು, ಎಬ್ಬಿಸಿಬಿಟ್ಟೆ!" ಎಂದು ಸಾಹೇಬರು ತಲೆ ಚಚ್ಚಿಕೊಂಡರು.

*

ಗೇಟಿನ ಬಳಿ ನೆಲದ ಮೇಲೊಂದು ಬಿಳಿ ಗೆರೆ. ಬೀದಿ ಬೀದಿ ತಿರುಗಿ ಸೊಳ್ಳೆಗೆ ವಿಷ ಹೊಡೆಯುವ ಪಂಪಿನವರು ಅದನ್ನು ದಾಟುವಂತಿರಲಿಲ್ಲ. ಅವರ ಮೈಯಿಂದ, ಬಟ್ಟೆಯಿಂದ ಒಂದು ಕಣ ವಿಷ ಒಳಗೆ ಹೋದರೂ ಸಾಕಿದ ಸೊಳ್ಳೆಗಳು ಸಾಯುತ್ತವೆ. ಗೆರೆಯಾಚೆ ತಗಡಿನ ಶೆಡ್ಡು, ಅಲ್ಲೇ ಅವರ ಊಟ. ಬಾಯಾರಿದರೆ ಮೇಸ್ತ್ರಿ ಗೆರೆಯ ಈಚೆ ನಿಂತು ಪೈಪು ಎತ್ತಿ ನೀರು ಬಿಡುತ್ತಿದ್ದ. ಅವರು ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಮೂಗಿಗೆ ಕಟ್ಟಿಕೊಳ್ಳಲು ಆಫೀಸಿನವರು ಕೊಟ್ಟಿದ್ದು ಒಂದು ಕರ್ಚೀಫು.

ಅವಳ ಗಂಡ ಆ ಪಂಪಿನವರಲ್ಲೊಬ್ಬ.

ಹಿಂದೊಮ್ಮೆ, ಕೆಮ್ಮಿ ಕೆಮ್ಮಿ ಬಸವಳಿದಿದ್ದ ಅವನನ್ನು ಬೆಳಿಗ್ಗೆ ತೋಳಿಗೆ ಒರಗಿಸಿಕೊಂಡು ಬೆನ್ನು ನೀವಿ, ಹಾಗೇ ಕೆಲಸಕ್ಕೆ ಬಂದಿದ್ದಳು. ಅಂಗೈ ತೊಳೆದಿದ್ದಳು, ಅವನ ಅಂಗಿ ಒರಗಿದ್ದ ಮೊಣಕೈ ಮರೆತಿದ್ದಳು. ಪಂಜರದ ಸೊಳ್ಳೆಗಳು ಕೂತ ಕೂತಲ್ಲೇ ಉರುಳಿದ್ದವು. ಆ ದಿನವಿಡೀ ಅವಳನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. "ಗಂಡ ಬೇಕೋ ಕೆಲಸ ಬೇಕೋ ನೋಡ್ಕೋ" ಎಂದಿದ್ದರು ಸಾಹೇಬರು. ಮೇಸ್ತ್ರಿ ಎಲ್ಲರಿಗೂ ಕೇಳುವಂತೆ, "ಮನೇಲೂ ಒಂದು ಗೆರೆ ಎಳ್ಕೊಳ್ಳಮ್ಮಾ, ಸುಣ್ಣ ಬೇಕಾದ್ರೆ ನಾನು ಕೊಡ್ತೀನಿ" ಎಂದು ನಗಿಸಿದ್ದ.

ಗೆರೆ ಎಳೆಯದಿದ್ದರೂ ಮನೆ ಎರಡಾಯಿತು. ಬಟ್ಟೆಗೆ ಎರಡು ಹಗ್ಗ, ಸ್ನಾನಕ್ಕೆ ಎರಡು ಬಕೆಟ್ಟು. ಅವನ ಚಾಪೆ ಜಗುಲಿಗೆ ಹೋಯಿತು. ಕೆಮ್ಮು ಗೋಡೆಯ ಆಚೆಯಿಂದ ಕೇಳುತ್ತಿತ್ತು, ಅವಳ ಕೈ ಗೋಡೆಯ ಈಚೆ ಇರುತ್ತಿತ್ತು.

ಆ ಸಂಜೆ, ಮಗಳನ್ನು ಕಳಿಸಬೇಕಂತೆ ಎಂಬ ಸುದ್ದಿ ಕೇಳಿ ಅವನು ಹೊಸಿಲಾಚೆ ಕೂತೇ ನಕ್ಕ. ನಗು ಅರ್ಧಕ್ಕೆ ಕೆಮ್ಮಾಯಿತು.

"ಉಸಿರು ನಾನು ಕೊಟ್ಟೆ, ರಕ್ತ ನೀನು ಕೊಟ್ಟೆ. ಇವಳ ಹತ್ರ ಇನ್ನೇನು ಕೇಳ್ತಾರೋ ಅಂತ ಕಾಯ್ತಿದ್ದೆ. ಹೊಸದೇನೂ ಹೊಳೀಲಿಲ್ಲ ಬೋಳಿಮಕ್ಕಳಿಗೆ."

"ಅಪ್ಪಾ, ನೀನು ಸುಮ್ನಿರು," ಎಂದಳು ಮಗಳು. ಅವಳ ಕಣ್ಣಲ್ಲಿ ಬೇರೆಯೇ ಹೊಳಪಿತ್ತು. "ಅಮ್ಮ, ಮೇಸ್ತ್ರಿ ನನಗೂ ಹೇಳಿದ. ಒಂದು ವರ್ಷ ಕೈ ಇಟ್ರೆ ಆಮೇಲೆ ಮೈಕ್ರೋಸ್ಕೋಪಿನ ಮುಂದೆ ಕೂರಿಸ್ತಾರಂತೆ. ಯಾವ ಸೊಳ್ಳೆ ಯಾವ ಜಾತಿ ಅಂತ ನೋಡೋ ಕೆಲಸ. ಕಾಲೇಜಿಗೆ ಕಟ್ಟೋಕಂತೂ ನಮ್ಮ ಕೈಲಾಗಲ್ಲ. ಹೀಗಾದ್ರೂ ಕಲೀತೀನಿ."

ತಾಯಿ ಸೆರಗು ಸರಿಸಿ ಕೈಯನ್ನು ದೀಪಕ್ಕೆ ಹಿಡಿದಳು. ಮೊಣಕೈಯಿಂದ ಬೆರಳವರೆಗೆ ಚರ್ಮ ಉಪ್ಪುಕಾಗದದಂತೆ ಒರಟಾಗಿ, ಕಪ್ಪಿಟ್ಟು, ಕೆರೆದಲ್ಲೆಲ್ಲ ಗಾಯದ ಹಕ್ಕಳೆ ಕಟ್ಟಿತ್ತು.

"ಆ ಕುರ್ಚಿನ ನನಗೂ ತೋರಿಸಿದ್ರು ಕಣೇ. ನೀನಾಗ ಇನ್ನೂ ತೆವಳ್ತಿದ್ದೆ. ಇವತ್ತಿಗೂ ನೋಡ್ತಾನೇ ಇದೀನಿ, ಧೂಳು ಒರೆಸ್ತಾನೂ ಇದೀನಿ. ಕೂತಿಲ್ಲ ಅಷ್ಟೇ."

"ನೀನು ಓದಿಲ್ಲ, ಅದಕ್ಕೆ. ನಾನು ಓದಿದೀನಿ."

ತಾಯಿ ಸೆರಗು ಎಳೆದುಕೊಂಡಳು. "ಮನೆ ಬಿಟ್ಟು ಬರಬೇಡ. ಬಂದ್ರೆ ನನ್ನ ಹೆಣ ನೋಡ್ತೀಯಾ," ಎಂದಳು. ಹೇಳುತ್ತಿದ್ದಂತೆ ತನ್ನ ಮಾತಿಗೆ ಎಷ್ಟು ತೂಕವಿದೆಯೆಂದು ಅವಳಿಗೇ ತಿಳಿಯಿತು. ಆ ಮನೆಯಲ್ಲಿ ಹೆಣವಾಗುವ ಬೆದರಿಕೆಗೆ ಹೊಸತನವೇನೂ ಉಳಿದಿರಲಿಲ್ಲ.

*

ಮರುದಿನ ಅವಳನ್ನು ಒಳಗೆ ಬಿಡಲಿಲ್ಲ. ಗೇಟಿನ ಪಕ್ಕದ ಕಲ್ಲಿನ ಬಳಿ ಮರಿಹುಳುವಿನ ತಟ್ಟೆಗಳನ್ನು ರಾಶಿ ಹಾಕಿ, "ಉಜ್ಜು" ಎಂದ ಮೇಸ್ತ್ರಿ. ಉಜ್ಜಿದಳು. ತಟ್ಟೆ ಮುಗಿಯುತ್ತ ಬಂದಾಗ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಎದ್ದವಳಿಗೆ ಕಿಟಕಿಯ ಗಾಜಿನಾಚೆ ತನ್ನ ಸ್ಟೂಲು ಕಾಣಿಸಿತು. ಅದರ ಮೇಲೆ ಮಗಳು ಕೂತಿದ್ದಳು.

ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗಿದ್ದರು. ಚೂಡಿದಾರದ ತೋಳು ಭುಜದವರೆಗೆ ಮಡಚಿತ್ತು, ಕೈ ಪಂಜರದೊಳಗಿತ್ತು. ಮಗಳು ತುಟಿ ಕಚ್ಚಿಕೊಂಡು, ಕಣ್ಣು ಎದುರಿನ ಮೇಜಿನ ಮೈಕ್ರೋಸ್ಕೋಪಿನ ಮೇಲೆ ನೆಟ್ಟು, ಅಲುಗದೆ ಕೂತಿದ್ದಳು. ಯಾರೂ ಹೇಳಿಕೊಡದೆಯೇ ಅಷ್ಟು ಚೆನ್ನಾಗಿ ಅಲುಗದೆ ಕೂತಿದ್ದಳಲ್ಲ, ಅದನ್ನು ನೋಡಿಯೇ ತಾಯಿ ಬಾಗಿಲಿಗೆ ಓಡಿದಳು.

"ಒಳಗೆ ಬಿಡಿ ಮೇಸ್ತ್ರೀ."

"ತಟ್ಟೆ ಆಯ್ತಾ?"

"ನನ್ನ ಮಗಳು ಅವಳು. ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಬಿದ್ಕೋ, ಬಿಸಿಲಿದೆ, ನೆಲ ಒಣಗಿದೆ." ಮೇಸ್ತ್ರಿ ಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿದ. "ಸಾಹೇಬ್ರು ಏನಂದ್ರು ಗೊತ್ತಾ? ಹೊಸ ರಕ್ತಕ್ಕೆ ಸೊಳ್ಳೆ ಹೇಗೆ ಮುಗಿಬಿದ್ವು ನೋಡು ಅಂದ್ರು. ಖುಷಿ ಪಡಮ್ಮಾ, ನಿನ್ನ ವಂಶ ಬೆಳಗ್ತಾ ಇದೆ."

ಅವಳು ಅತ್ತ ಇತ್ತ ನೋಡಿದಳು. ಕಲ್ಲು ಬೇಕಿದ್ದರೆ ಕಲ್ಲಿತ್ತು. ಎತ್ತಿ ಹೊಡೆಯುವಷ್ಟು ಶಕ್ತಿ ಕೈಯಲ್ಲಿರಲಿಲ್ಲ. ಆಗಲೇ ಬೀದಿ ಮುಗಿಸಿದ ಪಂಪಿನವರು ಒಬ್ಬೊಬ್ಬರಾಗಿ ಬಂದು ಗೆರೆಯಾಚೆ ನಿಂತರು. ಗಂಡ ಕೊನೆಯವನು. ಬೆನ್ನ ಮೇಲಿನ ಪಂಪು ಸೋರಿ ಸೋರಿ ಅಂಗಿ ಮೈಗಂಟಿತ್ತು. ನೀರಿಗಾಗಿ ಬೊಗಸೆಯೊಡ್ಡಿ ಮೇಸ್ತ್ರಿಯ ಕಡೆ ನೋಡುತ್ತಿದ್ದ.

ಅವಳು ಗೆರೆ ದಾಟಿದಳು.

"ಏ, ಎಲ್ಲಿಗೆ? ಮುಟ್ಟಬೇಡ ಅವನ್ನ!" ಮೇಸ್ತ್ರಿ ಕೂಗಿದ.

ಅವಳು ಎರಡೂ ತೋಳು ಚಾಚಿ ಗಂಡನನ್ನು ಅಪ್ಪಿಕೊಂಡಳು. ಅಷ್ಟು ಜನರ ಎದುರು, ಹಾಡಹಗಲು. ಶೆಡ್ಡಿನಲ್ಲಿದ್ದವನೊಬ್ಬ, "ಅಣ್ಣಾ, ಸಿನಿಮಾ ಶುರು!" ಎಂದು ಶಿಳ್ಳೆ ಹೊಡೆದ. ಗಂಡ ಕೊಸರಿದ. "ಬಿಡೇ, ಮೈಯೆಲ್ಲ ವಿಷ ಇದೆ. ಏನಾಯ್ತೇ ನಿನಗೆ? ಕೆಲಸ ಹೋಗುತ್ತೆ, ಬಿಡೇ."

"ಹೋಗ್ಲಿ. ಅಲ್ಲಾಡಬೇಡ."

ಅವಳು ಪಂಪಿನ ಅಡಿಗೆ ಕೈ ತೂರಿಸಿ ಅವನ ಬೆನ್ನಿನ ಒದ್ದೆ ಅಂಗಿಗೆ ಅಂಗೈ ಉಜ್ಜಿದಳು, ಮುಂಗೈ ಉಜ್ಜಿದಳು, ಮರೆಯದೆ ಮೊಣಕೈಯನ್ನೂ ಉಜ್ಜಿದಳು. ಎಷ್ಟೋ ಕಾಲದ ಮೇಲೆ ಆ ಬೆನ್ನು ಅವಳ ಕೈಗೆ ಸಿಕ್ಕಿತ್ತು. ಎಲುಬುಗಳು ಎಣಿಸುವಂತಿದ್ದವು. ಒಂದು ಗಳಿಗೆ ಅವಳು ಬಂದ ಕೆಲಸವನ್ನೇ ಮರೆತಳು. ಅವನು ಮಗಳ ಹೆಸರು ಹಿಡಿದು ಏನೋ ಕೇಳಿದ. ಅವಳು ಕಿಟಕಿಯ ಕಡೆ ಕಣ್ಣು ತೋರಿಸಿದಳು. ಅವನ ಕೊಸರಾಟ ನಿಂತಿತು.

ಕೈಗಳನ್ನು ಮುಂದೆ ಚಾಚಿಕೊಂಡು ಅವಳು ಬಾಗಿಲಿಗೆ ಬಂದಳು. ಅಡ್ಡ ಚಾಚಿದ್ದ ಮೇಸ್ತ್ರಿಯ ಕಾಲು ಹಾವು ಕಂಡಂತೆ ಹಿಂದಕ್ಕೆ ಹೋಯಿತು.

"ಸಾಹೇಬ್ರೇ! ಪಂಪಿನವನ್ನ ಮುಟ್ಟಿದಾಳೆ, ಒಳಗೆ ಬಂದ್ಲು!"

"ಕೈ ತೆಗಿ," ಎಂದಳು ಅವಳು ಮಗಳಿಗೆ.

"ಅಮ್ಮ, ಈಗ ತಾನೇ..."

"ತೆಗಿ ಅಂದೆ. ನನ್ನ ಕೈಗೆ ತಾಗದ ಹಾಗೆ ತೆಗಿ."

ಮಗಳು ತಾಯಿಯ ಮುಖ ನೋಡಿದಳು, ಕೈ ಎಳೆದುಕೊಂಡು ಗೋಡೆಗೆ ಸರಿದಳು. ತಾಯಿ ತನ್ನ ಕೈಯನ್ನು ಬಟ್ಟೆಯ ತೋಳಿನೊಳಗೆ ತೂರಿಸಿದಳು. ದಿನದಂತೆಯೇ ಸೊಳ್ಳೆಗಳು ನಂಬಿಕೆಯಿಂದ ಬಂದು ಕೂತವು. ಮೊದಲು ಒಂದು ಉರುಳಿತು. ಆಮೇಲೆ ನಾಲ್ಕಾರು ಕಾಲು ಮೇಲಾಗಿ ಗಿರಗಿರ ಸುತ್ತಿದವು. ಅವಳು ಎರಡನೆಯ ಪಂಜರಕ್ಕೆ ಹೋದಳು, ಅಲ್ಲಿಂದ ಇನ್ನೊಂದಕ್ಕೆ. ಮರಿಹುಳುವಿನ ತಟ್ಟೆಗಳಲ್ಲಿ ಒಂದೊಂದರಲ್ಲೂ ಕೈ ಅದ್ದಿದಳು.

"ಹಿಡೀರೋ ಆ ಮುಂಡೇನ! ಯಾರಾದ್ರೂ ಹಿಡೀರೋ!" ಸಾಹೇಬರು ಕಿರುಚಿದರು. ಯಾರೂ ಮುಂದೆ ಬರಲಿಲ್ಲ. ಅವಳು ತಿರುಗಿ, ನೀರು ತೊಟ್ಟಿಕ್ಕುವ ಎರಡೂ ಕೈಗಳನ್ನು ಅವರ ಕಡೆ ಚಾಚಿದಳು. ಸಾಹೇಬರು ಹಿಂದೆ ಸರಿದರು. ಅವಳು ಮುಂದೆ ಬಂದಳು. ಅವರು ಇನ್ನೂ ಹಿಂದೆ ಸರಿದು ಮೈಕ್ರೋಸ್ಕೋಪಿನ ಕುರ್ಚಿಗೆ ಎಡವಿ ಅದರ ಮೇಲೆಯೇ ಕುಸಿದರು.

"ಪೊಲೀಸ್ರನ್ನ ಕರೀತೀನಿ. ಮುಟ್ಟಬೇಡ, ಏ, ದೂರ ನಿಲ್ಲು!"

"ದೂರಾನೇ ಇದೀನಿ ಸಾಹೇಬ್ರೇ."

ಹೊರಗೆ ಬಂದಾಗ ಕಣ್ಣು ಕತ್ತಲಿಟ್ಟಿತು. ಕೆರೆದು ಕೆರೆದು ತೆರೆದಿದ್ದ ಗಾಯಗಳಲ್ಲೆಲ್ಲ ಅಂಗಿಯ ವಿಷ ಇಳಿದು ಕೈ ಭುಗಿಲ್ಲೆಂದು ಉರಿಯುತ್ತಿತ್ತು. ಬೆರಳ ತುದಿ ಮಾತ್ರ ತನ್ನದಲ್ಲವೆನ್ನುವಂತೆ ಮರಗಟ್ಟಿತ್ತು. ಗೆರೆಯಾಚೆ ಪಂಪಿನವರು ಸಾಲಾಗಿ ಎದ್ದು ನಿಂತಿದ್ದರು. ಮೇಸ್ತ್ರಿ ಫೋನಿಗೆ ಜೋರಾಗಿ ಯಾರದೋ ಹೆಸರು ಹೇಳುತ್ತಿದ್ದ.

"ಅಮ್ಮಾ..." ಮಗಳು ಹಿಂದಿನಿಂದ ಓಡಿ ಬಂದಳು. ಮುಂಗೈಯಲ್ಲಿ ಹೊಸ ದದ್ದುಗಳು ಕೆಂಪಗೆ ಎದ್ದಿದ್ದವು. ತಾಯಿಯ ಕೈ ಹಿಡಿಯಲು ಕೈ ಚಾಚಿದಳು.

"ಮುಟ್ಟಬೇಡ!"

ಅಂದ ಮೇಲೆ ಆ ಮಾತು ತನ್ನ ಬಾಯಿಂದಲೇ ಬಂದಿತೆಂದು ಅವಳಿಗೆ ತಿಳಿಯಿತು. ಮಗಳು ಚಾಚಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಿದ್ದಳು.

"ಮೊದಲು ಕೈ ತೊಳೀಬೇಕು ಕಣವ್ವ," ಎಂದಳು. "ಆ ಕಲ್ಲಿನ ಹತ್ರದ ನಲ್ಲಿ ತಿರುಗಿಸು."

ಮಗಳು ತಿರುಗಿಸಿದಳು. ನಲ್ಲಿ ಒಮ್ಮೆ ಬುಸ್ಸೆಂದು ಗಾಳಿ ಉಗುಳಿ ಸುಮ್ಮನಾಯಿತು. ಗೇಟಿನ ಮೂಲೆಯಲ್ಲಿ ಮೇಸ್ತ್ರಿ ನೀರಿನ ವಾಲ್ವು ಮುಚ್ಚಿ ಅದರ ಮೇಲೆ ಕಾಲಿಟ್ಟು ನಿಂತಿದ್ದ.

ಗೆರೆಯಾಚೆ ಗಂಡ ಬೆನ್ನಿನ ಪಂಪು ಕೆಳಗಿಳಿಸಿ, ಮೇಸ್ತ್ರಿಯನ್ನೇ ನೋಡುತ್ತ ಗೆರೆ ದಾಟಿದ.